ಮಸುಕಾದ ಮುನಿಯಲ್ಲಪ್ಪ

ತಾಯಲೂರಿನ ಹಾಲಿನ ಡೈರಿಯ ಹೊಸ ಕಟ್ಟಡದ ಉದ್ಘಾಟನೆಯಾದ ಮರುದಿನ, ಅದರ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಮೈಕಿನ ಮುಂದೆ ನಿಂತ ಅಧ್ಯಕ್ಷ ಕೋದಂಡರಾಮಪ್ಪನ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಹಿಂದಿನ ಸಾಲಿನಲ್ಲಿ ಕೂತಿದ್ದ ನಿರ್ದೇಶಕ ಮುನಿಯಲ್ಲಪ್ಪ ಮಾತ್ರ ಮಳೆಗೆ ಸಿಕ್ಕ ರಂಗೋಲಿಯ ಹಾಗೆ ಕದಡಿಹೋಗಿದ್ದ.

ಮುನಿಯಲ್ಲಪ್ಪ ಡೈರಿಗೆ ಹಾಲು ಹಾಕಲು ಹೋದಾಗ, ಸಾಲಿನಲ್ಲಿ ನಿಂತಿದ್ದ ಬೈರಮ್ಮ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಇದು ಮುನಿಯಲ್ಲಪ್ಪನೋ ಬಟ್ಟೆ ಹೊದಿಸಿದ ಹಾಲಿನ ಕ್ಯಾನೋ ಎಂದು ಕೇಳಿದಳು. ಪಕ್ಕದ ಮನೆಯ ದೊಡ್ಡವೆಂಕಟಪ್ಪ ಉರಿಗೆ ಸೀಮೆಎಣ್ಣೆ ಸುರಿದ.

"ಬೇಕಂತ್ಲೇ ಮಾಡ್ಸವ್ರೆ ಕಣಯ್ಯ. ಮುಂದಿನ ಸಲ ನೀನು ಅಧ್ಯಕ್ಷಗಿರಿಗೆ ನಿಲ್ತೀಯ ಅಂತ ಭಯ."

ಮುನಿಯಲ್ಲಪ್ಪನ ತಲೆ ಕೆಟ್ಟಿತು. ಮನೆಗೂ ಹೋಗದೆ ಮುಳಬಾಗಿಲಿನ ಬಸ್ಸು ಹತ್ತಿ, ಫೋಟೋ ತೆಗೆದಿದ್ದ ಅನಿಲ್‌ಕುಮಾರನ ಸ್ಟುಡಿಯೋಗೆ ನುಗ್ಗಿದ. ಅನಿಲ್ ಸಮಾಧಾನವಾಗಿ ಮೊಬೈಲು ತೋರಿಸಿದ. ಇದೊಂದು ಆ್ಯಪ್, ಗೆರೆಯ ಮೇಲಿನ ಈ ಚುಕ್ಕಿಯನ್ನು ಬಲಕ್ಕೆ ಎಳೆದರೆ ಹಿಂದಿರುವವರು ಮಸುಕಾಗುತ್ತಾರೆ, ಎಡಕ್ಕೆ ಎಳೆದರೆ ತಿಳಿಯಾಗುತ್ತಾರೆ ಎಂದ.

"ಹಂಗಾದ್ರೆ ಎಡಕ್ಕೆ ಎಳಿ."

"ಬೇಡ ಬಿಡಣ್ಣ, ಹಿಂಗೇ ಚೆನ್ನಾಗೈತೆ."

ಆ 'ಬೇಡ' ಕೇಳಿದ್ದೇ ಮುನಿಯಲ್ಲಪ್ಪ ಕೆರಳಿದ. ಚಳಿ ಮಳೆ ಎನ್ನದೆ ಡೈರಿಗೆ ದುಡಿದವನು ತಾನು, ಅಧ್ಯಕ್ಷನಿಗೆ ಮೀಸೆ, ತನಗೆ ಮಂಜು, ಇದ್ಯಾವ ನ್ಯಾಯ ಎಂದು ಕೂಗಾಡಿದ. ಅಕ್ಕಪಕ್ಕದ ಅಂಗಡಿಯವರು ಬಂದು ಸೇರಿದರು. ವಿಷಯ ಏನೆಂದು ಗೊತ್ತಿಲ್ಲದಿದ್ದರೂ ಎಲ್ಲರೂ ಮುನಿಯಲ್ಲಪ್ಪನ ಕಡೆಗೇ ನಿಂತರು. ಗುಂಪಿಗೆ ಹಾಕುವ ಮುಂಚೆ ಒಂದು ಸಲ ನೀನೇ ನೋಡಣ್ಣ ಎಂದು ಅನಿಲ್ ಗೋಗರೆದ.

"ನನ್ ಮುಖ ನಾನೇನ್ ನೋಡೋದು? ಊರು ನೋಡ್ಲಿ."

ಅನಿಲ್ ನಿಟ್ಟುಸಿರುಬಿಟ್ಟು ಚುಕ್ಕಿಯನ್ನು ಎಡದ ತುದಿಗೆ ಎಳೆದು, ಫೋಟೋವನ್ನು ಗುಂಪಿಗೆ ಹಾಕಿದ.

ಪಂದ್ಯ ಗೆದ್ದ ಹುಂಜದ ಹಾಗೆ ಎದೆಯುಬ್ಬಿಸಿ ಮುನಿಯಲ್ಲಪ್ಪ ತಾಯಲೂರಿನಲ್ಲಿ ಇಳಿದಾಗ, ಬಸ್‌ಸ್ಟಾಂಡೇ ನಗುತ್ತಿತ್ತು. ಬೈರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಫೋನು ಮುಂದೆ ಹಿಡಿದಳು. ಅಧ್ಯಕ್ಷರು ಭಾಷಣ ಮಾಡುತ್ತಿದ್ದಾರೆ. ಹಿಂದೆ ಮುನಿಯಲ್ಲಪ್ಪ ಪಕ್ಕದವರ ಹೆಗಲಿಗೆ ತಲೆ ಕೊಟ್ಟು, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಾನೆ. ಇಳಿಯುತ್ತಿರುವ ಜೊಲ್ಲು ಸಮೇತ ಎಲ್ಲವೂ ತಿಳಿ.

ಮನೆಯಲ್ಲಿ ಹೆಂಡತಿ ಕದಿರಮ್ಮ ಹಣೆ ಚಚ್ಚಿಕೊಂಡಳು. ಸಭೆಯಲ್ಲಿ ಅವನ ನಿದ್ದೆ ಕಣ್ಣಾರೆ ಕಂಡು, ಗಂಡನ ಮಾನ ಉಳಿಯಲೆಂದು ಹಿಂದಿನ ದಿನವೇ ಅನಿಲನನ್ನು ಕಾಡಿ ಬೇಡಿ ಮಸುಕು ಮಾಡಿಸಿದ್ದವಳು ಅವಳೇ.

"ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದು ಮುನಿಯಲ್ಲಪ್ಪ ಅವಳ ಮೇಲೂ ಸಿಡಿದ.

"ಎಲ್ಲಿ ಹೇಳ್ಲಿ? ಸಭೆಯಿಂದ ಬಂದೋರು ಮತ್ತೆ ಮಲಗ್ಬಿಟ್ರಲ್ಲ."