ಹೆಂಡತಿಯ ಆಧಾರ್ ಕಾರ್ಡ್ ಕಳೆದ ಮೇಲೆ

ಬೇರೆಯವರ ಮನೆಯಲ್ಲಿ ಏನಾದರೂ ಕಳೆದರೆ ಅದೊಂದೇ ಕಳೆಯುತ್ತದೆ. ನಮ್ಮ ಮನೆಯಲ್ಲಿ ಏನು ಕಳೆದರೂ ಅದರ ಜೊತೆಗೆ ನನ್ನ ಮರ್ಯಾದೆಯೂ ಹೋಗುತ್ತದೆ. ಬೋಳಾರದಲ್ಲಿ ಸಂಸಾರ ಹೂಡಿದಂದಿನಿಂದ ಹೀಗೆಯೇ. ಈ ಸಲ ಹೋದದ್ದು ಹೆಂಡತಿಯ ಆಧಾರ್ ಕಾರ್ಡ್.

೧. ಮೂರು ಫೋಟೋ

ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ಯಾರೋ ಅವಳ ಪರ್ಸ್ ಹಾರಿಸಿದ್ದರು. ದೂರು ಕೊಡಲು ಇಬ್ಬರೂ ಠಾಣೆಗೆ ಹೋದೆವು.

"ಪರ್ಸಿನಲ್ಲಿ ಎಂತೆಲ್ಲ ಇತ್ತು ಅಮ್ಮ?" ಎಂದು ಪೊಲೀಸರು ಕೇಳಿದರು.

"ಆಧಾರ್ ಕಾರ್ಡ್, ಸ್ವಲ್ಪ ಚಿಲ್ಲರೆ, ಮತ್ತೆ ಮೂರು ಫೋಟೋ. ಮಂಗಳಾದೇವಿಯದ್ದು, ಮಗಳದ್ದು, ನಮ್ಮ ನಾಯಿಯದ್ದು."

ಪೊಲೀಸರು ನನ್ನ ಕಡೆ ನೋಡಿದರು. "ಇವರದ್ದು ಇರಲಿಲ್ವಾ?"

"ಇವರದ್ದು ಯಾಕೆ? ಮನೆಗೆ ಹೋದರೆ ಇವರೇ ಇರ್ತಾರಲ್ಲ!"

ನಾಯಿಯೂ ಮನೆಯಲ್ಲೇ ಇರ್ತದೆ ಎನ್ನಲು ಬಾಯಿ ತೆರೆದೆ. ಆದರೆ ನಾಯಿಯ ಮೇಲಿನ ಹೊಟ್ಟೆಕಿಚ್ಚನ್ನು ಪೊಲೀಸರ ಎದುರು ತೋರಿಸುವುದು ಹೇಗೆ? ಸಂಜೆ ಚಾ ಕುಡಿಯುವಾಗ ನಾಯಿ ಎಂದಿನಂತೆ ಬಂದು ಎದುರು ಕೂತಿತು. ಬಿಸ್ಕೆಟ್ ಪೂರ್ತಿ ನಾನೇ ತಿಂದೆ.

೨. ನಗಬೇಡಿ

ಕಾರ್ಡಿಗೆ ಜೋಡಿಸಿದ್ದ ಮೊಬೈಲ್ ನಂಬರ್ ಯಾವಾಗಲೋ ಬಂದ್ ಆಗಿತ್ತು. ಹಾಗಾಗಿ ಆಧಾರ್ ಕೇಂದ್ರಕ್ಕೇ ಹೋಗಿ ಬೆರಳು ಒತ್ತಬೇಕಾಯಿತು. ಹೇಗೂ ಬಂದಾಯ್ತಲ್ಲ, ಫೋಟೋ ಕೂಡ ಹೊಸತು ಮಾಡುವ ಎಂದಳು. ಅವಳದ್ದು ಹೊಸತಾದರೆ ನನ್ನದು ಯಾಕೆ ಹಳತು ಇರಬೇಕು? ನಾನೂ ಸಾಲಿನಲ್ಲಿ ಕೂತೆ.

ಕಂಪ್ಯೂಟರಿನವ ಅವಳಿಗೆ, "ಅಮ್ಮ, ಸ್ವಲ್ಪ ನಗುಮುಖ ಮಾಡಿ. ಹಾಂ, ಲಾಯ್ಕ ಬಂತು!" ಎಂದ.

ನನ್ನ ಸರದಿ ಬಂತು. ಕೇಳುವ ಮೊದಲೇ ನಕ್ಕೆ.

"ಸರ್, ನೀವು ನಗಬೇಡಿ."

"ಅವಳಿಗೆ ನಗಲಿಕ್ಕೆ ಹೇಳಿದಿರಲ್ಲ ಮಾರಾಯ್ರೆ?"

"ಅವರು ನಕ್ಕರೂ ಕಂಪ್ಯೂಟರ್ ತೆಗೊಳ್ತದೆ ಸರ್. ನೀವು ನಕ್ಕರೆ ಮುಖವೇ ಕಾಣುವುದಿಲ್ಲ ಅಂತ ಹೇಳ್ತದೆ."

೩. ಸೆಂಟಿನ ಮನುಷ್ಯ

ಹೊಸ ಕಾರ್ಡುಗಳು ಅಂಚೆಯಲ್ಲಿ ಬಂದವು. ಅದೇ ವಾರ ಹಳೆಯ ಕಾರ್ಡೂ ಬಂತು. ಕಾವೂರಿನವರೊಬ್ಬರು, ಗಲ್ಫಿನಿಂದ ಊರಿಗೆ ಬಂದು ನೆಲೆಸಿದವರು, ಕಳ್ಳ ಬಿಸಾಡಿದ್ದ ಕಾರ್ಡ್ ಬಸ್‌ಸ್ಟ್ಯಾಂಡಿನ ಪೊದೆಯಲ್ಲಿ ಸಿಕ್ಕಿತೆಂದು ವಿಳಾಸ ಹಿಡಿದು ಮನೆಗೇ ತಂದುಕೊಟ್ಟರು. ಅವರು ಗೇಟು ದಾಟುವ ಮೊದಲೇ ಅವರ ಸೆಂಟು ಒಳಗೆ ಬಂದಿತ್ತು.

"ಹೊಸ ಕಾರ್ಡ್ ಬಂದಾಯ್ತು, ಇದು ಬೇಡ ಇತ್ತು" ಎಂದೆ.

"ಫೋಟೋ ಇಷ್ಟು ಲಾಯ್ಕ ಉಂಟು. ಅಲ್ಲಿಯೇ ಬಿಟ್ಟು ಬರಲಿಕ್ಕೆ ಮನಸ್ಸಾಗಲಿಲ್ಲ" ಎಂದರು ಅವರು.

ಹೆಂಡತಿ ಅವರನ್ನು ಊಟಕ್ಕೆ ನಿಲ್ಲಿಸಿಕೊಂಡಳು. ನಾನು ಎಷ್ಟೋ ದಿನದಿಂದ ಕೇಳುತ್ತಿದ್ದ ಕೋರಿರೊಟ್ಟಿ ಅಂದು ಆಯಿತು. ಕೋಳಿಯ ಕಾಲು ಅವರ ಬಟ್ಟಲಿಗೆ ಹೋಯಿತು, ಕತ್ತು ನನ್ನದಕ್ಕೆ ಬಂತು.

ಅವರು ಹೋದ ಮೇಲೆ, "ಎಷ್ಟು ಒಳ್ಳೆಯ ಜನ!" ಎಂದಳು.

"ಸೆಂಟು ಸ್ವಲ್ಪ ಜಾಸ್ತಿಯಾಯ್ತು."

"ಹೌದು. ನಿಮಗೂ ಸ್ವಲ್ಪ ಹಾಕಿ ಹೋಗಬಹುದಿತ್ತು."

೪. ಅಜ್ಜ

ಕೆಲವು ದಿನ ಕಳೆದು ನನ್ನ ಹೊಸ ಕಾರ್ಡನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದೆ.

"ಬೇಕಂತಲೇ ಬಿಟ್ಟು ಬಂದದ್ದಲ್ವಲ್ಲ?" ಎಂದು ಹೆಂಡತಿ ಕೇಳಿದಳು.

"ನನಗೆಂತ ಮರ್ಲಾ?" ಎಂದೆ.

ಮರುದಿನ ಗೇಟಿನಲ್ಲಿ ಹೆಣ್ಣು ದನಿ: "ಇಲ್ಲಿಯವರ ಆಧಾರ್ ಕಾರ್ಡ್ ಸಿಕ್ಕಿದೆ!"

ಇಸ್ತ್ರಿಯ ಅಂಗಿ ಹಾಕಿ, ತಲೆ ಒದ್ದೆ ಮಾಡಿ ಬಾಚಿಕೊಂಡು ಹೊರಗೆ ಬಂದೆ. ಕಾಲೇಜಿಗೆ ಹೊರಟ ಹುಡುಗಿ. ಕಾರ್ಡ್ ನೋಡಿದಳು, ನನ್ನನ್ನು ನೋಡಿದಳು.

"ಅಂಕಲ್, ಈ ಅಜ್ಜ ಇದ್ದಾರಾ?"

ನಗದೆ ತೆಗೆಸಿದ ಆ ಫೋಟೋದಲ್ಲಿ ನನಗೆ ನನ್ನ ಅಪ್ಪನಷ್ಟು ಪ್ರಾಯವಾಗಿತ್ತು. ಅದು ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲಮ್ಮ, ಅವರು ಹೋದರು" ಎಂದೆ. ಪೇಟೆಗೆ ಎಂಬ ಅರ್ಥದಲ್ಲಿ.

ಹುಡುಗಿಯ ಕಣ್ಣು ತುಂಬಿತು. ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ಛೆ ಆಂಟಿ, ಅಜ್ಜ ಹೋಗಿಬಿಟ್ಟರಂತೆ! ಎಂತ ಆಗಿತ್ತು ಅವರಿಗೆ?"

ಹೆಂಡತಿ ಕಾರ್ಡಿನ ಮುಖ ನೋಡಿದಳು. ನನ್ನ ಇಸ್ತ್ರಿ ಅಂಗಿ ನೋಡಿದಳು, ಒದ್ದೆ ಕ್ರಾಪು ನೋಡಿದಳು. ಉದ್ದಕ್ಕೆ ಉಸಿರು ಬಿಟ್ಟಳು.

"ಹೊಟ್ಟೆಯದ್ದೇ ತೊಂದರೆ ಮಗಾ. ಕಿಚ್ಚು ಜಾಸ್ತಿಯಾಗಿ ಹೋದರು."