ಸೀಟಿ ಹೊಡೆದೊಡನೆ ಪಣ ಏರತಕ್ಕದ್ದು

ಮಾತುಕತೆ ಏರ್ಪಟ್ಟದ್ದು ಲಿಖಿತ ಸೂಚನೆಯ ಮೂಲಕ. ಪುಣೆಯ ಮಾರ್ಕೆಟ್ ಯಾರ್ಡಿನ ಲಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಹೆಡ್‌ಕ್ಲಾರ್ಕ್ ಆಗಿದ್ದು ನಿವೃತ್ತರಾದ ಸಿದ್ದಲಿಂಗಪ್ಪನವರು, ಬಿಬವೇವಾಡಿಯ ಮನೆಯಲ್ಲಿ ಕುಳಿತು ಅದರ ಎರಡು ಪ್ರತಿ ಬರೆದರು. ಒಂದು ಪ್ರತಿ ಈರುಳ್ಳಿ ದಲಾಲ ಲಾಲಪ್ಪನಿಗೆ. ಇನ್ನೊಂದು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಹಾಸನದ ಸಾಫ್ಟ್‌ವೇರ್ ತರುಣ ಹರ್ಷಾನಿಗೆ. "9 ಫೆಬ್ರುವರಿ 2025, ರವಿವಾರ, ಬೆಳಿಗ್ಗೆ ಹತ್ತಕ್ಕೆ, ಪೋಕರ್ ಆಟದಲ್ಲಿ ಪಣ ಏರಿಸುವ ಸಮಯವನ್ನು ಕುರಿತು ಸಭೆ. ಚಹಾ ಕೊಡಲಾಗುವುದು."

ಹದಿನೆಂಟು ಮೆಟ್ಟಿಲು ಇಳಿದು ಬಂದ ಹರ್ಷಾ ಕೇಳಿದ: "ಅಂಕಲ್, ಮೇಲಕ್ಕೊಂದು ಕೂಗು ಹಾಕಿದ್ರೆ ಸಾಕಿತ್ತಲ್ವಾ?"

"ಕೂಗಿಗೆ ದಾಖಲೆ ಇರೂದಿಲ್ಲೋ ತಮ್ಮಾ!"

ಪೋಕರ್ ಕಲಿಸಿದವನು ಹರ್ಷಾನೇ. ಈ ಮನೆಯಲ್ಲಿ ಅದು ದುಡ್ಡಿನ ಸೋಂಕಿಲ್ಲದ ಆಟ. ತಲೆಗೆ ಅರವತ್ತು ಹುಣಸೆಬೀಜ. ಎಲೆ ಹಂಚಿದ ಮೇಲೆ ಪ್ರತಿಯೊಬ್ಬನೂ ಕಡ್ಡಾಯವಾಗಿ ಒಂದಿಷ್ಟು ಬೀಜ ಪಣವಿಡಬೇಕು. ಆಟ ಊಟದ ಹೊತ್ತಿಗೆ ಮುಗಿಯಬೇಕಾದರೆ ಆ ಪಣ ಆಗಾಗ ಏರಬೇಕು. ಬೀಜ ಮೊದಲು ಖಾಲಿಯಾದವನು ಅಂದಿನ ಊಟಕ್ಕೆ ಎಲ್ಲರ ಪಾಲಿನ ಜೋಳದ ರೊಟ್ಟಿ ಬಡಿಯಬೇಕು.

ಹದಿನಾಲ್ಕು ರವಿವಾರ ಕಳೆದಿದ್ದವು. ಲಾಲಪ್ಪ ಎಂಟು ಸಲ ಬಡಿದಿದ್ದ. ಅವನ ರೊಟ್ಟಿಯನ್ನು ಮುರಿಯಲು ಎರಡು ಕೈ ಬೇಕಾಗುತ್ತಿತ್ತು. ಹರ್ಷಾ ಆರು ಸಲ ಬಡಿದಿದ್ದ. ಅವನ ರೊಟ್ಟಿ ಹಂಚಿಗೆ ಹೋಗುವಾಗ ಒಂದು, ಇಳಿಯುವಾಗ ಮೂರು. ಸಿದ್ದಲಿಂಗಪ್ಪನವರು ಒಮ್ಮೆಯೂ ಇಲ್ಲ! "ಮದುವಿಯಾಗಿ ಮೂವತ್ತಾರು ವರ್ಷ ಆತು, ಈ ಕೈಗೆ ಹಿಟ್ಟು ಹತ್ತಿಲ್ಲ," ಎಂದು ಅವರು ಅಂಗೈ ಎತ್ತಿ ತೋರಿಸುತ್ತಿದ್ದರು. ಹೆಂಡತಿ ಪಾರವ್ವ ಆ ಅಂಗೈಯನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು.

ಈ ಅಜೇಯತೆಯ ಗುಟ್ಟು ಸರಳ. ಪಣ ಏರಿಸುವ ಹೊತ್ತನ್ನು ನಿರ್ಧರಿಸುವವರು ಮನೆಯ ಯಜಮಾನರು. ತಮ್ಮ ಮುಂದೆ ಬೀಜ ಗುಡ್ಡೆಯಾದರೆ "ಹೊತ್ತಾತು, ಏರಸ್ರಿ!" ಎನ್ನುವರು; ಕರಗಿದರೆ "ಇನ್ನೂ ಎಳೇ ಬಿಸಲೈತಿ, ಅವಸರ ಯಾಕ?" ಎನ್ನುವರು. ಇದನ್ನು ಕಂಡುಹಿಡಿಯಲು ಲಾಲಪ್ಪನಿಗೆ ಎಂಟು ಸಲ ರೊಟ್ಟಿ ಬಡಿಯಬೇಕಾಯಿತು. ಕಂಡುಹಿಡಿದ ಮೇಲೆ ಅವನು ನಿಯಮ ಬೇಕೆಂದು ಹಟ ಹಿಡಿದ. ಅದಕ್ಕೇ ಈ ಸಭೆ.

"ಫೋನಲ್ಲಿ ಟೈಮರ್ ಇಡೋಣ. ಫಿಫ್ಟೀನ್ ಮಿನಿಟ್ಸ್‌ಗೊಂದ್ಸಲ ಡಬಲ್," ಎಂದ ಹರ್ಷಾ.

"ಫೋನು ನಿಂದು, ಗೆಲುವೂ ನಿಂದ ಆಗ್ತದ. ನಡ್ಯಂಗಿಲ್ಲ," ಎಂದರು ಯಜಮಾನರು.

"ಹಂಗಾದ್ರ ಐದು ಆಟಕ್ಕೊಮ್ಮೆ," ಎಂದ ಲಾಲಪ್ಪ.

"ಎಣಸಾವ್ರು ಯಾರು? ನೀನು? ಚೀಲ ಎಣಸಿದಂಗ ಎಣಸ್ತಿ!"

ಬಳಿಕ ಸಿದ್ದಲಿಂಗಪ್ಪನವರು ಕನ್ನಡಕ ಒರೆಸಿ, ರಾಜ್ಯದ ಗಡಿ ಗುರುತಿಸುವವರ ಗಾಂಭೀರ್ಯದಿಂದ ನುಡಿದರು: "ಕುಕ್ಕರಿನ ಸೀಟಿ! ಅದು ಯಾರ ಪಕ್ಷಾನೂ ಅಲ್ಲ. ಲಂಚ ತಿನ್ನೂದಿಲ್ಲ. ಮೂರೂ ಮಂದಿಗೆ ಒಂದ ಸಲ ಕೇಳಸ್ತದ."

ನ್ಯಾಯವೆಂದರೆ ಇದು ಎಂದು ಇಬ್ಬರೂ ತಲೆದೂಗಿದರು. ಯಜಮಾನರು ನಾಲ್ಕು ರವಿವಾರ ಸೀಟಿಗಳನ್ನು ವೇಳೆಸಮೇತ ಬರೆದಿಟ್ಟುಕೊಂಡಿದ್ದ ಸಂಗತಿ ಅವರಿಗೆ ತಿಳಿಯದು. ಪಾರವ್ವನದು ಸಣ್ಣ ಉರಿ. ಬೇಳೆಗೆ ಒಂದು, ಅನ್ನಕ್ಕೆ ಒಂದು, ಬಟಾಟೆಗೆ ಒಂದು. ಒಂದೂವರೆ ಗಂಟೆಯಲ್ಲಿ ಮೂರೇ ಸೀಟಿ! ಎಕ್ಕ ಬರುವ ತನಕ ಎಲೆ ಕೆಳಗಿಟ್ಟು ಕಾಯುವ ಸಿದ್ದಲಿಂಗಪ್ಪನವರಂಥ ತಪಸ್ವಿಗೆ ಇದಕ್ಕಿಂತ ಹದವಾದ ಗಡಿಯಾರ ಪುಣೆಯಲ್ಲೆಲ್ಲೂ ಸಿಗದು.

ದಾಖಲೆ ಪುಸ್ತಕದಲ್ಲಿ ನಿಯಮ ಬರೆದದ್ದಾಯಿತು. ಸೀಟಿ ಹೊಡೆದೊಡನೆ ಪಣ ಇಮ್ಮಡಿಯಾಗತಕ್ಕದ್ದು. ಪಣಕ್ಕೆ ಬೀಜ ಸಾಲದವನು ಹೊರಬೀಳತಕ್ಕದ್ದು. ಮುಂದೆ ಲಾಲಪ್ಪ ತಕರಾರು ತೆಗೆದಾನೆಂಬ ಮುಂದಾಲೋಚನೆಯಿಂದ ಇನ್ನೊಂದು ಸಾಲು: ಮೂವರ ಒಪ್ಪಿಗೆಯಿಲ್ಲದೆ ಇದನ್ನು ಬದಲಿಸತಕ್ಕದ್ದಲ್ಲ. ಮೂವರೂ ಸಹಿ ಹಾಕಿದರು.

ಚಹಾ ತಂದಿದ್ದ ಪಾರವ್ವ ಓದು ಮುಗಿಯುವವರೆಗೆ ನಿಂತೇ ಇದ್ದರು. "ಬರೇ ಸೀಟಿ ಅಂತ ಬರದೀರೇನ್ರಿ? ಮತ್ತೇನೂ ಇಲ್ಲ?"

"ಅಡಗಿ ವಿಚಾರ ನಿಂದು, ಕಾಯ್ದೆ ವಿಚಾರ ನಂದು. ಕಪ್ಪು ತಗೊಂಡು ಹೋಗು."

ಪಾರವ್ವ ಕಪ್ಪು ತೆಗೆದುಕೊಂಡು ಹೋದರು.

ಮುಂದಿನ ರವಿವಾರ ಹನ್ನೊಂದಕ್ಕೆ ಆಟ ಶುರುವಾಯಿತು. ಪಣ ಒಂದು ಬೀಜ. ಸಿದ್ದಲಿಂಗಪ್ಪನವರಿಗೆ ಬಂದದ್ದು ಎರಡರ ಎಲೆ ಒಂದು, ಏಳರ ಎಲೆ ಒಂದು. "ತಾಳ್ಮಿ ಬೇಕ್ರಿ," ಎನ್ನುತ್ತ ಎಲೆ ಕೆಳಗಿಟ್ಟರು. ಉಳಿದದ್ದು ಐವತ್ತೊಂಬತ್ತು.

ಸೀಟಿ! ಪಣ ಎರಡು. ಮತ್ತೆ ಕೆಟ್ಟ ಎಲೆ. ಮುಂದಿನ ಎಲೆ ಹಂಚುವಷ್ಟರಲ್ಲಿ ಮತ್ತೆ ಸೀಟಿ! ಪಣ ನಾಲ್ಕು. ಆ ಆಟ ಮುಗಿಯುತ್ತಲೇ ಮೂರನೆಯದು! ಪಣ ಎಂಟು. ತಪಸ್ವಿಯ ಬೀಜ ನಲವತ್ತೈದಕ್ಕೆ ಇಳಿದಿತ್ತು. ಗಡಿಯಾರದಲ್ಲಿ ಇನ್ನೂ ಹನ್ನೊಂದು ಇಪ್ಪತ್ತು.

"ಪಾರವ್ವಾ! ಏನ್ ಇಟ್ಟೀ ಕುಕ್ಕರಿನ್ಯಾಗ?"

"ಕಡಲಿಕಾಳ್ರೀ! ನಿನ್ನೆ ನೆನಿಹಾಕೂದು ಮರ್ತಬಿಟ್ಟೆ ನೋಡ್ರಿ. ಇನ್ನೊಂದಿಪ್ಪತ್ತು ಸೀಟಿ ಆದ್ರ ಬೆಂದೀತು."

ಮೂವತ್ತಾರು ವರ್ಷಗಳ ಸಂಸಾರದಲ್ಲಿ ಪಾರವ್ವ ಮರೆತ ಮೊದಲ ವಸ್ತು ಇದು!

ನಾಲ್ಕನೆಯ ಸೀಟಿ. ಪಣ ಹದಿನಾರು. ಮತ್ತೆ ಅದೇ ಎರಡು, ಅದೇ ಏಳು. ಉಳಿದದ್ದು ಇಪ್ಪತ್ತೊಂಬತ್ತು. ಸಿದ್ದಲಿಂಗಪ್ಪನವರು ಎದ್ದು ನಿಂತರು. "ಈ ನಿಯಮ ಅವೈಜ್ಞಾನಿಕ ಅದ. ತಿದ್ದುಪಡಿ ಆಗ್ಬೇಕು!"

"ಮೂವರ ಒಪ್ಪಿಗಿ ಬೇಕಲ್ರಿ ಹೆಡ್‌ಕ್ಲಾರ್ಕ್ ಸಾಹೇಬ್ರ," ಎಂದು ಲಾಲಪ್ಪ ಕಾಲು ಚಾಚಿದ. "ನನ್ನ ಒಪ್ಪಿಗಿ ಇಲ್ಲ."

"ಹಂಗಾದ್ರ ಏ ಪಾರವ್ವಾ, ಗ್ಯಾಸ್ ಆರಸು!"

"ಆರಸ್ದೆ ತಗೋರಿ!" ಒಳಗೆ ಪಟ್ಟೆಂದು ಸದ್ದಾಯಿತು. ಕುಕ್ಕರ್ ಮೌನವಾಯಿತು. ಇಷ್ಟು ಬೇಗ ಮಾತು ಕೇಳಿದ ಹೆಂಡತಿಯ ಮೇಲೆ ಸಂಶಯ ಬರಬೇಕಿತ್ತು, ಬರಲಿಲ್ಲ. ಹರ್ಷಾ ಎಲೆ ಹಂಚಿದ. ಸಿದ್ದಲಿಂಗಪ್ಪನವರು ಒಂದೊಂದಾಗಿ ತೆರೆದರು. ಎಕ್ಕ! ಅದರ ಹಿಂದೆ ಇನ್ನೊಂದು ಎಕ್ಕ! ತಪಸ್ಸು ಫಲಿಸಿತು! ಹದಿನಾರು ಬೀಜ ಎಣಿಸತೊಡಗಿದರು. ಹದಿಮೂರು, ಹದಿನಾಲ್ಕು, ಹದಿನೈದು...

ಸೀಟಿ!

ಗೋಡೆಯಾಚೆಯಿಂದ. ಪಕ್ಕದ ಮನೆಯ ದೀಪಾಲಿಯ ಅಡುಗೆಮನೆಯಿಂದ. ದೀರ್ಘವಾಗಿ, ಸ್ಪಷ್ಟವಾಗಿ.

"ಇದು ನಮ್ಮ ಕುಕ್ಕರ್ ಅಲ್ಲ!"

ಹರ್ಷಾ ದಾಖಲೆ ಪುಸ್ತಕವನ್ನು ಬೆಳಕಿಗೆ ಹಿಡಿದು ಓದಿದ. "ಯಾರ ಮನೆ ಕುಕ್ಕರ್ ಅಂತ ನೀವು ಬರೆದೇ ಇಲ್ವಲ್ಲ ಅಂಕಲ್. ಸ್ಟೇಕ್ ಈಗ ಮೂವತ್ತೆರಡು. ನಿಮ್ಮತ್ರ ಇರೋದು ಇಪ್ಪತ್ತೊಂಬತ್ತು."

ಮೂರು ಬೀಜ ಕಡಿಮೆ. ಎರಡು ಎಕ್ಕಗಳನ್ನು ಎದೆಗವಚಿಕೊಂಡು, ತಮ್ಮದೇ ಅಕ್ಷರದಲ್ಲಿದ್ದ ಕಾಯ್ದೆಯ ಪ್ರಕಾರ, ಸಿದ್ದಲಿಂಗಪ್ಪನವರು ಹೊರಬಿದ್ದರು.

ಆಗ ಗೋಡೆಯಾಚೆಯಿಂದ ಮರಾಠಿಯಲ್ಲಿ ದೀಪಾಲಿಯ ದನಿ ಬಂತು: "ಕಾಕೂ, ಝಾಲಂ ಕಾ?"

"ಝಾಲಂ, ಝಾಲಂ! ಗ್ಯಾಸ್ ಬಂದ್ ಕರ್ ಆತಾ!" ಎಂದು ಕೂಗಿ, ಕೆಲಸ ಆಯಿತು, ಇನ್ನು ಒಲೆ ಆರಿಸು ಎಂದು ಪಕ್ಕದ ಮನೆಗೆ ಅಪ್ಪಣೆ ಕೊಟ್ಟ ಪಾರವ್ವ, ಹಿಟ್ಟಿನ ಪರಾತ ಹಿಡಿದು ಹೊರಗೆ ಬಂದರು.

"ಪಾರವ್ವಾ, ನೀನೂ ಇದರಾಗ..."

"ಕಾಯ್ದೆ ನಿಮ್ದು, ಅಡಗಿ ನಂದು. ನೀವ ಹೇಳೀರಲ್ರಿ? ಏಳ್ರಿ, ಹಂಚು ಕಾಯಾಕತ್ತೈತಿ."

ದಾಖಲೆ ಪುಸ್ತಕದ ಆ ಪುಟದ ಕೊನೆಯ ಸಾಲುಗಳು ಮಾತ್ರ ಹೆಡ್‌ಕ್ಲಾರ್ಕರ ಅಕ್ಷರದಲ್ಲಿಲ್ಲ. ಅವರ ಎರಡೂ ಕೈ ಹಿಟ್ಟಾಗಿದ್ದವು. ಪಾರವ್ವ ಬರೆದದ್ದು ಹೀಗಿದೆ:

"16 ಫೆಬ್ರುವರಿ 2025, ರವಿವಾರ, ಮಧ್ಯಾಹ್ನ 1 ಗಂಟೆ 10 ನಿಮಿಷ. ನಮ್ಮ ಮನೆಯವರು ಹನ್ನೊಂದು ರೊಟ್ಟಿ ಬಡಿದರು. ದುಂಡಗಾದದ್ದು ಒಂದು. ಅದನ್ನು ನಾನು ತಿಂದೆ."