ಗಟ್ಟಿ ಟೈರಿನ ಗರತಿ

ನನ್ನ ಮಗಳ ಕಾಲಿನ ದಾರಕ್ಕೆ ಶರ್ಬಾನುವಿನ ಕತ್ತರಿ ತಾಗಗೊಡುವುದಿಲ್ಲ ಎಂದು ನಾನು ಘನಘೋರ ಪ್ರತಿಜ್ಞೆ ಮಾಡಿದಾಗ, ಹಿಮ ಕರಗಿ ನಮ್ಮ ಬಯಲೆಲ್ಲ ಅಂಬಲಿಯಾಗಿತ್ತು.

ಹೆಜ್ಜೆ ಕಲಿತ ಮಗುವಿನ ಎರಡೂ ಕಾಲು ಸೇರಿಸಿ ಕಪ್ಪು-ಬಿಳಿ ದಾರ ಕಟ್ಟಿ, ಚುರುಕಾದವರೊಬ್ಬರಿಂದ ಕತ್ತರಿಸುವುದು ನಮ್ಮಲ್ಲಿ ವಾಡಿಕೆ. ಕತ್ತರಿಸಿದವರ ಗುಣವೇ ಮಗುವಿಗೆ! ನನ್ನ ಗಂಡ ಎರ್ಬೊಲ್‌ಗೆ ಹೊಳೆದ ಚುರುಕಿನ ಹೆಂಗಸು ಪಕ್ಕದ ಮನೆಯ ಶರ್ಬಾನು. ಹಾಲಿನ ಕ್ಯಾನು ಹೇರಿದ ಜೀಪನ್ನು ಎಂಥ ಕೆಸರಲ್ಲೂ ಓಡಿಸುತ್ತಾಳಂತೆ. "ಹೆಂಗಸು ಅಂದ್ರೆ ಹಾಗಿರ್ಬೇಕು" ಎಂದ, ನಾನು ಕರಿದ ಹಿಟ್ಟಿನುಂಡೆ, ಬೌರ್ಸಾಕ್, ಮೆಲ್ಲುತ್ತಲೇ. ತಿಂದವನು ಅವನು, ಗಂಟಲಲ್ಲಿ ಸಿಕ್ಕಿದ್ದು ನನಗೆ.

ಔತಣದ ದಿನ, ದಾರ ಕತ್ತರಿಸಲು ಪಕ್ಕದೂರಿನ ನನ್ನಕ್ಕನನ್ನು ಕರೆತರಲು ನಾನೇ ಹೊರಟೆ. ಶರ್ಬಾನುವಿನ ಜೀಪಿನ ಟೈರುಗಳು ಅರ್ಧ ಗಾಳಿ ಇಳಿದು ಚಪ್ಪಟೆಯಾಗಿದ್ದವು. ಸೋಮಾರಿ ಎಂದುಕೊಂಡು, ನನ್ನ ಕಾರಿನವಕ್ಕೆ ಕಲ್ಲಾಗುವಷ್ಟು ಗಾಳಿ ತುಂಬಿದೆ. ನೆಲ ಇನ್ನೂ ಹೆಪ್ಪುಗಟ್ಟಿರುವ ಮುಂಜಾನೆಯೇ ಹೋಗಬೇಕಿತ್ತು. ತುಟಿಗೆ ಬಣ್ಣ ಬಳಿದು ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು.

ಊರಾಚೆಯ ತಗ್ಗಿನ ಕೆಸರಲ್ಲಿ ಕಾರು ನಿಂತಿತು. ತುಳಿದೆ, ಚಕ್ರ ತಿರುಗಿತು, ಕಾರು ಕೂತಿತು. ಇನ್ನೂ ತುಳಿದೆ. ತವರಿಗೆ ಬಂದ ಹೆಣ್ಣಿನಂತೆ ಇನ್ನಷ್ಟು ಗಟ್ಟಿಯಾಗಿ ಕೂತಿತು. ಗಂಡನಿಗೆ ಫೋನ್ ಮಾಡಿದರೆ ಬಂದವಳು ಶರ್ಬಾನು!

ಅವಳು ಟೈರನ್ನು ಒದ್ದು ನೋಡಿದಳು.

"ಇದೇನೇ ತಂಗಿ, ಮದುವೆಗೆ ಹೊರಟಿದ್ಯಾ? ಗಟ್ಟಿ ಟೈರು ಚಾಕು ಇದ್ದ ಹಾಗೆ, ಕೆಸರಿಗೆ ಇಳೀತಾನೇ ಇರುತ್ತೆ. ಒಂಟೆ ಪಾದ ನೋಡಿಲ್ವಾ? ಮೆತ್ತಗೆ ಹರಡ್ಕೋಬೇಕು."

ನಾಲ್ಕೂ ಟೈರುಗಳ ಗಾಳಿ ಬುಸ್ಸೆಂದು ಇಳಿಸಿದಳು. ಚಕ್ರದ ಮುಂದೆ ಒಣಹುಲ್ಲು ಹಾಸಿ, ಜೋರಾಗಿ ತುಳಿಯಬೇಡ, ಮಗು ತೂಗುವಷ್ಟು ಮೆಲ್ಲಗೆ ಎಂದಳು. ಕಾರು ಹಾಗೇ ತೆವಳಿ ಮೇಲೆ ಬಂತು. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ಮುಂದಿನ ಹಳ್ಳ ತುಂಬಿದೆ, ಅಕ್ಕನ ಊರಿಗೆ ಇವತ್ತು ಹಕ್ಕಿ ಮಾತ್ರ ಹೋದೀತು ಎಂದೂ ಅವಳೇ ತಿಳಿಸಿದಳು. ಹಿಂದಿರುಗಿದರೆ ಮನೆಯಲ್ಲಿ ಹಂಡೆಯ ಮಾಂಸ ಬೆಂದಿತ್ತು, ನೆಂಟರು ಕಾದಿದ್ದರು, ಮಗಳು ಕಾಲು ಕಟ್ಟಿಸಿಕೊಂಡು ಅಳುತ್ತಿದ್ದಳು. ಕಿಟಕಿಯಿಂದ ಸಿಡಿದ ಕೆಸರು ಮೆತ್ತಿದ ತುಟಿಯಲ್ಲೇ, ಜೀಪಿನಿಂದ ಇಳಿಯುತ್ತಿದ್ದ ಶರ್ಬಾನುವನ್ನು ಕೇಳಿದೆ:

"ಅಕ್ಕಾ, ದಾರ ನೀನೇ ಕತ್ತರಿಸ್ತೀಯಾ?"

"ನಿನ್ನ ಗಂಡ ಆಗ್ಲೇ ಕೇಳಿದ್ದ. ತಾಯಿ ಕರೀದೆ ಬರಲ್ಲ ಅಂದಿದ್ದೆ."

ದಾರ ತುಂಡಾಯಿತು. ಮಗಳು ಅಯಾನಾ ಒಂದು ಸಲವೂ ಮುಗ್ಗರಿಸದೆ, ಅಂಗಳದ ಕೆಸರಲ್ಲಿ ಪುಟುಪುಟು ಓಡಿದಳು. ಎರ್ಬೊಲ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

"ಇನ್ಮೇಲೆ ಹೊಗಳೋಕೆ ಪಕ್ಕದ ಮನೆವರೆಗೂ ಹೋಗೋದು ಬೇಡ. ನಮ್ಮನೇಲೇ ಒಬ್ಳು ಓಡ್ತಾ ಇದಾಳೆ. ಅವಳ ಮೇಲೂ ಹೊಟ್ಟೆಕಿಚ್ಚು ಪಡು, ನೋಡೋಣ."